ಸೈಕಲ್ ಮೇಲೆ ಡ್ಯಾನ್ಸು, ಪಕ್ಕದಲ್ಲಿ ಲೈವ್ ಮ್ಯೂಸಿಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಶೋ ಮುಗಿದ್ಮೇಲೆ ಜನ ಸ್ಟೇಜ್ ಹತ್ರ ಬಂದು ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನಿಂತ್ಕೊಂಡು ಉತ್ತರ ಹೇಳೋಷ್ಟರಲ್ಲಿ ಆಡಿಟೋರಿಯಂನವರು ಲೈಟ್ ಆಫ್ ಮಾಡ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ನಾನು ಖಂಜಿರ, ತಮಟೆ ಬಾರಿಸೋನು. ನಮ್ಮ ಗುಂಪಲ್ಲಿ ಸೈಕಲ್ ಮೇಲೆ ಇರೋರು ಇಬ್ಬರು, ಕುಣಿಯೋಳು ಒಬ್ಬಳು, ಚಂಡೆಗೆ ಒಬ್ಬ, ವಯಲಿನ್‌ಗೆ ಒಬ್ಬಳು. ಅಷ್ಟೇ ಜನ.

ಇದು ನಿಜವಾಗ್ಲೂ ಏನು? ಡ್ಯಾನ್ಸಾ, ಸ್ಟಂಟಾ, ಕಛೇರಿನಾ?

ಮೂರೂ ಒಟ್ಟಿಗೆ ನಡೆಯತ್ತೆ. ಸೈಕಲ್ ಸ್ಟಂಟ್ ಅಂದ್ರೆ ನಮ್ಮಲ್ಲಿ ತುಂಬಾ ಜನರ ತಲೇಲಿ ಬರೋದು ರ‍್ಯಾಂಪ್ ಮೇಲಿಂದ ಹಾರೋದು, ಗೋಡೆ ಹತ್ತೋದು, ಇಲ್ಲಾಂದ್ರೆ ಫ್ಲೈಓವರ್ ಮೇಲೆ ಹುಡುಗರು ವ್ಹೀಲಿ ಮಾಡೋದು. ನಾವು ಮಾಡೋದು ಅದ್ಯಾವುದೂ ಅಲ್ಲ, ಇದಕ್ಕೆ ಫ್ಲಾಟ್‌ಲ್ಯಾಂಡ್ ಅಂತಾರೆ, ಹೆಸರೇ ಹೇಳೋ ಹಾಗೆ ಸಮತಟ್ಟಾದ ನೆಲ ಬಿಟ್ರೆ ಬೇರೇನೂ ಬೇಡ, ಸಣ್ಣ ಬಿಎಂಎಕ್ಸ್ ಸೈಕಲ್‌ನ ಒಂದು ಚಕ್ರದ ಮೇಲೆ ನಿಲ್ಲಿಸಿ, ಅದರ ಸುತ್ತ ತಾನು ಸುತ್ತಿ, ತನ್ನ ಸುತ್ತ ಅದನ್ನ ಸುತ್ತಿಸಿ, ಕಾಲು ನೆಲಕ್ಕೆ ತಾಗಿಸದೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗ್ತಾ ಇರೋದು. ಹತ್ತಡಿ ದೂರದಿಂದ ನೋಡಿದ್ರೆ ಇಬ್ಬರು ಕುಣಿತಿದಾರೆ ಅನ್ಸತ್ತೆ, ಅದರಲ್ಲಿ ಒಬ್ಬರಿಗೆ ಚಕ್ರ ಇದೆ ಅಷ್ಟೇ.

ಅಂದ್ರೆ ಸರ್ಕಸ್ಸೇ ಅಲ್ವಾ?

ಸರ್ಕಸ್ ಅಂದ್ರೆ ನಮಗೇನೂ ಬೇಜಾರಿಲ್ಲ. ಸೈಕಲ್ ಆಟ ಸರ್ಕಸ್ ಡೇರೆ ಒಳಗೂ ಬೆಳೆದಿದ್ದೇ, ಅಲ್ಲಿ ಬ್ಯಾಂಡ್ ಸೆಟ್ ಲೈವ್ ಆಗೇ ಇರ್ತಿತ್ತು, ಒಂದೇ ಸೈಕಲ್ ಮೇಲೆ ಹುಡುಗೀರು ಒಬ್ಬರ ಮೇಲೊಬ್ಬರು ಹತ್ತಿ ನವಿಲುಗರಿ ಬಿಚ್ಚಿದ ಹಾಗೆ ಕೈ ಚಾಚೋ ಹೊತ್ತಿಗೆ ಡ್ರಮ್ಮಿನವನು ರೋಲ್ ಹೊಡೆದು ಸಿಂಬಲ್ ಬಾರಿಸ್ತಿದ್ದ. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಅವರು 1901ರಲ್ಲಿ ಸರ್ಕಸ್ ಶಾಲೆ ಶುರು ಮಾಡಿದ್ರು, ನಮ್ಮೂರುಗಳಿಗೆ ಬರ್ತಿದ್ದ ಸರ್ಕಸ್‌ಗಳಲ್ಲಿ ಎಷ್ಟೋ ಕಲಾವಿದರ ಗುರುಪರಂಪರೆ ಅಲ್ಲಿಗೇ ಹೋಗಿ ಮುಟ್ಟತ್ತೆ.

ಆದ್ರೆ ಒಂದು ವ್ಯತ್ಯಾಸ ಇದೆ. ಸರ್ಕಸ್‌ನಲ್ಲಿ ಒಂದು ಐಟಂ, ಆಮೇಲೆ ನಿಂತು ಸಲಾಮು, ಚಪ್ಪಾಳೆ, ಮತ್ತೆ ಮುಂದಿನ ಐಟಂ. ನಾವು ಮಧ್ಯದಲ್ಲಿ ನಿಲ್ಲಿಸಲ್ಲ. ಟ್ರಿಕ್ಕಿಗಿಂತ ಟ್ರಿಕ್ಕಿಂದ ಟ್ರಿಕ್ಕಿಗೆ ಹೋಗೋ ದಾರಿ ಇದೆಯಲ್ಲ, ನಮ್ಮ ರೈಡರ್‌ಗಳು ತಲೆ ಕೆಡಿಸ್ಕೊಳ್ಳೋದು ಅದಕ್ಕೇ.

ನಮ್ಮೂರಿಗೆ ಮುಂಚೆ ಸೈಕಲ್ ಆಟದವರು ಬರ್ತಿದ್ರು, ಅದೇನಾ ಇದು?

ಈ ಪ್ರಶ್ನೆ ಯಾರಾದ್ರೂ ಕೇಳಿದ್ರೆ ನಂಗೆ ಅವರನ್ನ ಬಿಟ್ಟು ಹೋಗೋಕೆ ಮನಸ್ಸೇ ಬರಲ್ಲ. ಹೌದು, ನನಗೆ ಇದರ ಹುಚ್ಚು ಹತ್ತಿದ್ದೇ ಅಲ್ಲಿಂದ.

ನೋಡದೆ ಇರೋರಿಗೆ ಹೇಳ್ತೀನಿ. ಮೂರು ದಿನ, ಐದು ದಿನ, ಕೆಲವು ಸಲ ಏಳು ದಿನ, ಒಬ್ಬ ಮನುಷ್ಯ ಸೈಕಲ್ಲಿಂದ ಕೆಳಗೆ ಇಳಿಯದೆ ಸ್ಕೂಲ್ ಮೈದಾನದಲ್ಲೋ ಸಂತೆ ಮಾಳದಲ್ಲೋ ಸುತ್ತು ಹೊಡೀತಿದ್ದ. ಮಧ್ಯದಲ್ಲಿ ಒಂದು ಕಂಬ, ಕಂಬಕ್ಕೆ ಮೈಕ್ ಸೆಟ್ಟು, ಸುತ್ತ ಬಣ್ಣದ ಕಾಗದದ ತೋರಣ. ಊಟ ಸೈಕಲ್ ಮೇಲೇ, ಹಲ್ಲುಜ್ಜೋದು ಸೈಕಲ್ ಮೇಲೇ, ತಲೆ ಮೇಲೆ ಬಿಂದಿಗೆ ನೀರು ಸುರ್ಕೊಂಡು ಸ್ನಾನ ಮಾಡಿ ಅಂಗಿ ಬದಲಾಯಿಸೋದೂ ಅದರ ಮೇಲೇ. ಸಂಜೆ ಆದ್ಮೇಲೆ ಅಸಲಿ ಆಟ, ಓಡೋ ಸೈಕಲ್ಲಿಂದ ಬಗ್ಗಿ ನೆಲದ ಮೇಲಿನ ನೋಟನ್ನ ಬಾಯಲ್ಲಿ ಎತ್ಕೊಳ್ಳೋದು, ಹ್ಯಾಂಡಲ್ ಮೇಲೆ ಕೂತು ಹಿಂದುಮುಂದಾಗಿ ತುಳಿಯೋದು, ಎದೆಗೆ ಟ್ಯೂಬ್‌ಲೈಟ್ ಒಡ್ಕೊಳ್ಳೋದು, ನಡುನಡುವೆ ರೆಕಾರ್ಡ್ ಡ್ಯಾನ್ಸು. ಊರಿನೋರು ಅವನ ಅಂಗಿಗೆ ಪಿನ್ನು ಚುಚ್ಚಿ ಒಂದು ರೂಪಾಯಿ ಎರಡು ರೂಪಾಯಿ ನೋಟು ಸಿಗಿಸ್ತಿದ್ರು, ಮೈಕಲ್ಲಿ ಕೊಟ್ಟೋರ ಹೆಸರು ಕೂಗ್ತಿದ್ರು.

ನಮ್ಮೂರಿಗೆ ಬಂದಿದ್ದೋನ ಜೊತೆ ಒಬ್ಬ ಮುದುಕ ತಮಟೆ ಇಟ್ಕೊಂಡಿದ್ದ. ರಾತ್ರಿ ಕರೆಂಟ್ ಹೋದಾಗ ಮೈಕ್ ನಿಂತುಹೋಯ್ತು, ಆಗ ಅವನು ಬೆಂಕಿ ಹಚ್ಚಿ ತಮಟೆ ಕಾಯಿಸ್ಕೊಂಡು ಕಂಬದ ಬುಡದಲ್ಲಿ ಕೂತು ಬಾರಿಸೋಕೆ ಶುರು ಮಾಡಿದ, ಕತ್ತಲಲ್ಲಿ ಸೈಕಲ್ಲಿನ ಚೈನ್ ಸದ್ದು ಮತ್ತೆ ಆ ತಮಟೆ ಎರಡೇ ಕೇಳ್ತಿತ್ತು, ಸವಾರ ಸುಸ್ತಾಗಿ ನಿಧಾನ ಆದ್ರೆ ಇವನೂ ನಿಧಾನ, ಅವನು ಚೇತರಿಸ್ಕೊಂಡು ತುಳಿದ್ರೆ ಇವನೂ ಜೋರು. ನಾನಾಗ ನಾಲ್ಕನೇ ಕ್ಲಾಸು. ಇವತ್ತಿಗೂ ನಾನು ಸ್ಟೇಜ್ ಮೇಲೆ ಮಾಡೋಕೆ ಪ್ರಯತ್ನ ಪಡೋದು ಆ ಮುದುಕ ಮಾಡಿದ್ದನ್ನೇ.

ಆ ಕಲಾವಿದರ ಹೆಸರು ಯಾವ ಪುಸ್ತಕದಲ್ಲೂ ಸೇರಿಸದೆ ಬಿಟ್ವಲ್ಲ ಅನ್ನೋ ನೋವು ನನಗಿದೆ. ನಿಮ್ಮ ಮನೇಲಿ ಅಂಥ ಆಟದ ಫೋಟೋ ಇದ್ರೆ ದಯವಿಟ್ಟು ಎಸೀಬೇಡಿ, ಹಿಂದುಗಡೆ ಊರು, ವರ್ಷ, ಸವಾರನ ಹೆಸರು ಬರೆದಿಡಿ.

ಲೈವ್ ಮ್ಯೂಸಿಕ್ ಯಾಕೆ? ಒಳ್ಳೆ ಟ್ರ್ಯಾಕ್ ಹಾಕಿದ್ರೆ ಖರ್ಚು ಕಮ್ಮಿ ಅಲ್ವಾ?

ಖರ್ಚು ಕಮ್ಮಿ ನಿಜ. ಆದ್ರೆ ಟ್ರ್ಯಾಕ್ ಹಾಕಿದ್ರೆ ಸೈಕಲ್ಲಿಗೆ ಕಿವಿ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗಿಬಿಡತ್ತೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಕುಣಿಯೋರ ಕಾಲು ತಾಳಕ್ಕೆ ಬೇಕಾದಾಗ ಬೀಳತ್ತೆ, ಯಾಕಂದ್ರೆ ಕಾಲು ಅವರದೇ. ಸೈಕಲ್ ಹಾಗಲ್ಲ. ರೈಡರ್ ಒಂದು ಚಕ್ರದ ಮೇಲೆ ಸುತ್ತೋಕೆ ಶುರು ಮಾಡಿದ ಅಂದ್ಕೊಳ್ಳಿ, ಎಷ್ಟು ಜೋರಾಗಿ ಒಳಗೆ ಬಂದ, ಮೈ ಎಷ್ಟು ಹತ್ರ ಎಳ್ಕೊಂಡ, ನೆಲ ಎಷ್ಟು ನುಣುಪು, ಟೈರಲ್ಲಿ ಗಾಳಿ ಎಷ್ಟಿದೆ, ಇವೆಲ್ಲ ಸೇರಿ ಒಂದು ಸುತ್ತಿಗೆ ಎಷ್ಟು ಹೊತ್ತು ಅಂತ ತೀರ್ಮಾನ ಮಾಡ್ತವೆ. ಕೈಕಾಲು ಚಾಚಿದ್ರೆ ನಿಧಾನ, ಒಳಗೆ ಎಳ್ಕೊಂಡ್ರೆ ಗಿರ್ರಂತ ಜೋರು. ಆಫೀಸಲ್ಲಿರೋ ತಿರುಗೋ ಕುರ್ಚಿ ಮೇಲೆ ಕೂತು ಕೈ ಚಾಚಿ ಆಮೇಲೆ ಎದೆಗೆ ಅವಚ್ಕೊಂಡು ನೋಡಿ, ಅದೇ ಇದು. ಮೊದಲನೇ ಸುತ್ತಿಗೆ ಎಂಟು ಅಕ್ಷರ, ಅಂದ್ರೆ ತಾಳದ ಎಂಟು ಎಣಿಕೆ, ಹಿಡಿಸಿದ್ರೆ ಐದನೇ ಸುತ್ತಿಗೆ ನಾಲ್ಕಕ್ಕೇ ಮುಗಿದಿರತ್ತೆ. ನಿನ್ನೆ ಆರು ಸುತ್ತು ಬಂದೋನಿಗೆ ಇವತ್ತು ನಾಲ್ಕೇ ಬರಬಹುದು, ನಾಳೆ ಒಂಬತ್ತು. ಇದಕ್ಕೆ ಯಾವ ಟ್ರ್ಯಾಕ್ ಹೊಂದಿಸ್ತೀರಾ? ಟ್ರ್ಯಾಕ್ ತನ್ನ ಪಾಡಿಗೆ ಓಡ್ತಿರತ್ತೆ, ರೈಡರ್ ಅದರ ಹಿಂದೆ ಓಡ್ತಾನೆ, ನೋಡೋರಿಗೆ ಎರಡು ಬೇರೆ ಬೇರೆ ಶೋ ನೋಡಿದ ಹಾಗೆ.

ಮನುಷ್ಯ ಕೂತು ಬಾರಿಸಿದ್ರೆ ಸೈಕಲ್ ಯಾವ ಲಯದಲ್ಲಿದೆ ಅಂತ ನೋಡ್ಕೊಂಡು ಅದರ ಜೊತೆ ಹೋಗಬಹುದು. ಕರಾವಳಿಯೋರಿಗೆ ಇದನ್ನ ಹೇಳಿಕೊಡೋದೇ ಬೇಡ. ಯಕ್ಷಗಾನದಲ್ಲಿ ತೆಂಕುತಿಟ್ಟಿನ ವೇಷಧಾರಿ ಧೀಂಗಿಣ, ಅಂದ್ರೆ ಗಿರಗಿರ ಸುತ್ತೋ ಕುಣಿತ, ಹಾಕ್ತಾ ಹೋದಾಗ ಚಂಡೆಯವರು ಎಣಿಸ್ಕೊಂಡು ಕೂತಿರಲ್ಲ, ಆ ದೇಹ ಎಲ್ಲಿ ಏಳತ್ತೆ ಎಲ್ಲಿ ಇಳಿಯತ್ತೆ ನೋಡಿ ಪೆಟ್ಟು ಹಾಕ್ತಾರೆ, ಇನ್ನೂ ಹತ್ತು ಸುತ್ತು ಹಾಕ್ತಾನೆ ಅನ್ಸಿದ್ರೆ ಹುರಿದುಂಬಿಸ್ತಾರೆ. ನಮ್ಮ ಚಂಡೆ ಹುಡುಗ ಮೇಳಗಳ ಆಟ ನೋಡ್ತಾ ಬೆಳೆದೋನು, ಮೊದಲನೇ ದಿನ ರಿಹರ್ಸಲ್‌ಗೆ ಬಂದು ಐದು ನಿಮಿಷ ಸುಮ್ನೆ ನೋಡಿ "ಇದು ನಂಗೆ ಗೊತ್ತುಂಟು" ಅಂದ. ನಿಜವಾಗ್ಲೂ ಗೊತ್ತಿತ್ತು. ನಾನು ಒಂದು ವರ್ಷ ಒದ್ದಾಡಿದ್ದನ್ನ ಅವನು ಅವತ್ತೇ ಮಾಡಿದ.

ಹಾಗಾದ್ರೆ ತಾಳ ಅಂತ ಏನೂ ಇಲ್ವಾ? ಸುಮ್ನೆ ಬಾರಿಸ್ಕೊಂಡು ಹೋಗೋದಾ?

ಇದೆ. ಸೈಕಲ್ ಎರಡೂ ಚಕ್ರದ ಮೇಲೆ ಉರುಳೋವಾಗ, ಡ್ಯಾನ್ಸರ್ ಒಬ್ಬಳೇ ಇರೋವಾಗ ಆದಿತಾಳದ ಎಂಟು ಅಕ್ಷರ ಅಥವಾ ಮಿಶ್ರದ ಏಳು, ತಕಿಟ ತಕಧಿಮಿ, ಅಂತ ಗಟ್ಟಿಯಾಗಿ ಹಿಡ್ಕೊಂಡಿರ್ತೀವಿ. ರೈಡರ್ ಸುತ್ತಿಗೆ ಇಳಿದ ತಕ್ಷಣ ತಾಳ ಬಿಟ್ಟು ಒಂದು ಸಣ್ಣ ಸೊಲ್ಲುಕಟ್ಟಿಗೆ ಬರ್ತೀವಿ, ತಕಿಟ ಅನ್ನೋ ಮೂರಕ್ಷರ, ಅದನ್ನ ಎಷ್ಟು ಸಲ ಬೇಕಾದ್ರೂ ತಿರುಗಿಸಬಹುದು, ಎಳೆದ್ರೆ ಎಳೆಯತ್ತೆ ಬಿಗಿದ್ರೆ ಬಿಗಿಯತ್ತೆ. ಅವನು ಹೊರಗೆ ಬರೋ ಸೂಚನೆ ಕಂಡಿದ್ದೇ ಮೂರು ಸಲ ಮುಕ್ತಾಯ ಹಾಕಿ ಎಲ್ಲರೂ ಒಟ್ಟಿಗೆ ಸಮಕ್ಕೆ, ಅಂದ್ರೆ ತಾಳದ ಮೊದಲನೇ ಪೆಟ್ಟಿಗೆ, ಬೀಳ್ತೀವಿ. ಅವನ ಕಾಲು ಪೆಡಲ್ ಮೇಲೆ ಬೀಳೋದೂ ನಮ್ಮ ಪೆಟ್ಟು ಬೀಳೋದೂ ಒಂದೇ ಕ್ಷಣಕ್ಕೆ ಆದ್ರೆ ಹಾಲ್‌ನಲ್ಲಿ ಜನ ಒಂದು ಉಸಿರು ಬಿಡೋದು ನಮಗೆ ಕೇಳ್ಸತ್ತೆ, ಅದಕ್ಕೋಸ್ಕರವೇ ಇಷ್ಟೆಲ್ಲ.

ಸೂಚನೆ ಏನು ಅಂತ ಬಾರಿಸೋರು ಕೇಳ್ತಾರೆ. ಚಕ್ರ ನೋಡಬೇಡಿ, ಚಕ್ರ ನೋಡಿದ್ರೆ ಯಾವಾಗ್ಲೂ ತಡ ಆಗತ್ತೆ. ಭುಜ ನೋಡಿ. ಸುತ್ತಿಗೆ ಹೋಗೋಕೆ ಮುಂಚೆ ಭುಜ ತಿರುಗತ್ತೆ, ಹೊರಗೆ ಬರೋಕೆ ಮುಂಚೆ ಕಣ್ಣು ಪೆಡಲ್ ಹುಡುಕತ್ತೆ.

ರೈಡರ್ ಬಿದ್ರೆ ಅಥವಾ ಕಾಲು ಕೆಳಗಿಟ್ರೆ ಏನ್ ಮಾಡ್ತೀರಾ?

ಕಾಲು ಕೆಳಗಿಡೋದು ಪ್ರತಿ ಶೋನಲ್ಲೂ ಆಗತ್ತೆ. ಎಲ್ಲ ದೊಡ್ಡ ದೊಡ್ಡ ಫ್ಲಾಟ್‌ಲ್ಯಾಂಡ್ ರೈಡರ್‌ಗಳೂ ಕಾಂಪಿಟೀಷನ್‌ನಲ್ಲಿ ಕಾಲು ಇಡ್ತಾರೆ, ಇದು ಅಷ್ಟು ಸೂಕ್ಷ್ಮವಾದ ಕೆಲಸ. ಆಗ ಮ್ಯೂಸಿಕ್ ನಿಲ್ಲಲ್ಲ, ವಯಲಿನ್ ಒಂದೇ ಸ್ವರ ಹಿಡ್ಕೊಂಡಿರತ್ತೆ, ಡ್ಯಾನ್ಸರ್ ಜಾಗ ತಗೊಳ್ತಾಳೆ, ಅವನು ಉಸಿರು ತಗೊಂಡು ಮತ್ತೆ ಬರ್ತಾನೆ. ಜೋರಾಗಿ ಬಿದ್ರೆ ಎಲ್ಲಾ ನಿಲ್ಲಿಸಿ ಹೋಗಿ ನೋಡ್ತೀವಿ, ಅದರಲ್ಲಿ ಎರಡನೇ ಮಾತಿಲ್ಲ.

ಆ ಸೈಕಲ್ ಯಾಕೆ ಮಕ್ಕಳ ಸೈಕಲ್ ಥರ ಇದೆ?

ಚಕ್ರ 20 ಇಂಚಿನದು, ಅದಕ್ಕೆ ಹಾಗೆ ಕಾಣತ್ತೆ, ತೂಕ ಹಾಕಿ ನೋಡಿದ್ರೆ ಅದು ಮಕ್ಕಳ ಆಟಿಕೆ ಅಲ್ಲ. ಫ್ರೇಮ್ ಗಿಡ್ಡ, ಯಾಕಂದ್ರೆ ರೈಡರ್ ಅದರ ಸುತ್ತ ಕಾಲು ದಾಟಿಸ್ತಾ ಇರಬೇಕು. ನಾಲ್ಕೂ ಕಡೆ ಆಕ್ಸಲ್‌ಗೆ ಸಿಲಿಂಡರ್ ಥರ ಇರೋದು ಪೆಗ್, ಅದರ ಮೇಲೇ ನಿಲ್ಲೋದು. ಹ್ಯಾಂಡಲ್ ಪೂರ್ತಿ ಸುತ್ತು ತಿರುಗಿದ್ರೂ ಬ್ರೇಕ್ ಕೇಬಲ್ ಸುತ್ಕೊಳ್ಳದೆ ಇರೋಕೆ ಜೈರೋ ಅನ್ನೋ ಒಂದು ಬಿಡಿಭಾಗ ಇರತ್ತೆ, ಈಗ ತುಂಬಾ ಜನ ಬ್ರೇಕೇ ತೆಗೆದುಬಿಟ್ಟಿದಾರೆ, ಆಗ ಅದರ ಗೊಡವೆನೇ ಇಲ್ಲ. ನಿಲ್ಲಿಸಬೇಕಾದ್ರೆ ಶೂ ತಳವನ್ನ ಟೈರಿಗೆ ಒತ್ತುತ್ತಾರೆ. ಟೈರಿಗೆ 100 ಪಿಎಸ್‌ಐ ಹತ್ತಿರ ಗಾಳಿ ಹಾಕ್ತಾರೆ, ಕಾರಿನ ಟೈರಿಗೆ 30 ಚಿಲ್ರೆ ಹಾಕ್ತೀವಲ್ಲ, ಅದರ ಮೂರರಷ್ಟು. ಗಾಳಿ ಕಮ್ಮಿ ಆದ್ರೆ ಟೈರ್ ನೆಲಕ್ಕೆ ಅಂಟ್ಕೊಂಡು ಸುತ್ತು ಸತ್ತುಹೋಗತ್ತೆ.

ಹಿಂದಿನ ಚಕ್ರದಲ್ಲಿ ಫ್ರೀಕೋಸ್ಟರ್ ಅನ್ನೋ ಹಬ್ ಇರತ್ತೆ. ನಮ್ಮ ಮಾಮೂಲಿ ಸೈಕಲ್‌ನ ಹಿಂದಕ್ಕೆ ತಳ್ಳಿದ್ರೆ ಪೆಡಲ್ಲೂ ಹಿಂದಕ್ಕೆ ತಿರುಗತ್ತೆ, ಇದರಲ್ಲಿ ತಿರುಗಲ್ಲ, ರೈಡರ್ ಪೆಡಲ್ ಮೇಲೆ ಕದಲದೆ ನಿಂತು ಹಿಮ್ಮುಖವಾಗಿ ತೇಲ್ಕೊಂಡು ಹೋಗಬಹುದು. ನೀವು ನೋಡಿ ಬೆರಗಾಗೋ ಎಷ್ಟೋ ಭಂಗಿಗಳ ಗುಟ್ಟು ಅಲ್ಲಿದೆ.

ಟ್ರಿಕ್‌ಗಳ ಹೆಸರು ಕೇಳೋ ಮಕ್ಕಳಿಗೆ ಎರಡು ಹೇಳ್ತೀನಿ. ಹ್ಯಾಂಗ್ ಫೈವ್: ಒಂದು ಕಾಲು ಮುಂದಿನ ಪೆಗ್ ಮೇಲೆ, ಇನ್ನೊಂದು ಗಾಳಿಲಿ ತೂಗಾಡ್ತಾ ಬ್ಯಾಲೆನ್ಸ್ ಮಾಡತ್ತೆ, ಹಿಂದಿನ ಚಕ್ರ ಮೇಲಕ್ಕೆ, ಮುಂದಿನ ಚಕ್ರ ಒಂದರ ಮೇಲೇ ಉರುಳ್ಕೊಂಡು ಹೋಗೋದು. ಟೈಮ್ ಮೆಷಿನ್: ಒಂದು ಕೈಲಿ ಮುಂದಿನ ಪೆಗ್ ಹಿಡ್ಕೊಂಡು ಹಿಂದಿನ ಚಕ್ರದ ಮೇಲೆ ಬುಗುರಿ ಥರ ಸುತ್ತೋದು. ಎರಡನೇದಕ್ಕೆ ನಾನು ಯಾವಾಗ್ಲೂ ಖಂಜಿರ ಕೆಳಗಿಟ್ಟು ತಮಟೆ ಎತ್ಕೊಳ್ತೀನಿ.

ಇಂಥ ಸೈಕಲ್ ನಮ್ಮಲ್ಲಿ ಸಿಗತ್ತಾ? ಮನೇಲಿರೋ ಸೈಕಲ್‌ನಲ್ಲಿ ಕಲಿಯೋಕಾಗಲ್ವಾ?

ಫ್ಲಾಟ್‌ಲ್ಯಾಂಡ್‌ಗೇ ಅಂತ ಮಾಡಿದ್ದು ಹೆಚ್ಚಾಗಿ ಹೊರದೇಶದಿಂದ ತರಿಸಬೇಕು, ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬೆಲೆ ಆಗತ್ತೆ, ಮೊದಲನೇ ದಿನಾನೇ ಅದನ್ನ ತಗೊಳ್ಳೋಕೆ ಹೋಗಬೇಡಿ. ಮನೆ ಸೈಕಲ್‌ನಲ್ಲೇ ಕಾಲು ಕೆಳಗಿಡದೆ ನಿಂತಲ್ಲೇ ನಿಲ್ಲೋದು, ಟ್ರ್ಯಾಕ್ ಸ್ಟ್ಯಾಂಡ್ ಅಂತಾರೆ, ಅದನ್ನ ಕಲೀರಿ. ಒಂದು ನಿಮಿಷ ನಿಂತ್ರಿ ಅಂದ್ರೆ ಸೈಕಲ್ ಹೇಗೆ ಬೀಳತ್ತೆ, ಬೀಳೋ ಕಡೆಗೆ ಹ್ಯಾಂಡಲ್ ತಿರುಗಿಸಿದ್ರೆ ಹೇಗೆ ಎದ್ದು ನಿಲ್ಲತ್ತೆ ಅನ್ನೋದು ಮೈಗೆ ಗೊತ್ತಾಗತ್ತೆ. ಆಮೇಲೆ ಯಾವುದಾದ್ರೂ ಹಳೇ ಬಿಎಂಎಕ್ಸ್‌ಗೆ ಪೆಗ್ ಹಾಕಿಸ್ಕೊಂಡು ಶುರು ಮಾಡಬಹುದು.

ಆದ್ರೆ ಮಾಮೂಲಿ ಸೈಕಲ್ಲಿನ ಆಕ್ಸಲ್‌ಗೆ ಪೆಗ್ ಹಾಕಿ ಅದರ ಮೇಲೆ ನಿಲ್ಲಬೇಡಿ, ಅದು ಅಷ್ಟು ಭಾರ ತಡೆಯೋಕೆ ಮಾಡಿದ್ದಲ್ಲ, ಮುರಿಯತ್ತೆ.

ಶೋ ಮಧ್ಯದಲ್ಲಿ ಸೈಕಲ್ಲಿಂದಾನೇ ಸಂಗೀತ ಬಂತಲ್ಲ, ಅದು ಹೇಗೆ?

ಅದು ನಮ್ಮ ವಯಲಿನ್‌ನವಳ ಐಡಿಯಾ. ಸೈಕಲ್‌ನ ತಲೆಕೆಳಗಾಗಿ ನಿಲ್ಲಿಸಿ ಕಡ್ಡಿಗಳನ್ನ ಮೀಟಿದ್ರೆ ಒಂದೊಂದೂ ಒಂದೊಂದು ಸ್ವರ ಕೊಡತ್ತೆ, ಬಿಗಿ ಜಾಸ್ತಿ ಇದ್ರೆ ಸ್ವರ ಮೇಲೆ, ಸಡಿಲ ಇದ್ರೆ ಕೆಳಗೆ. ಸೈಕಲ್ ಶಾಪಿನೋರು ವ್ಹೀಲ್ ಔಟ್, ಅಂದ್ರೆ ಚಕ್ರದ ಓಲಾಟ, ತೆಗೆಯೋವಾಗ ಕಡ್ಡಿ ಮೀಟಿ ಕಿವಿ ಕೊಟ್ಟು ಕೇಳೋದನ್ನ ನೋಡಿರ್ತೀರಾ, ಅವರೂ ಒಂಥರಾ ಶ್ರುತಿ ಮಾಡೋರೇ. ಅದರ ಮೇಲೆ ಅವಳು ಕಮಾನು ಎಳೀತಾಳೆ. ಮಾಮೂಲಿ ಫ್ರೀವ್ಹೀಲಿನ ಟಿಕ್ ಟಿಕ್ ಇದೆಯಲ್ಲ, ಅದು ಚಕ್ರ ನಿಧಾನ ಆದಂತೆ ತಾನೂ ನಿಧಾನ ಆಗ್ತಾ ಆಗ್ತಾ ಒಂದೊಂದೇ ಹನಿ ಬಿದ್ದ ಹಾಗೆ ನಿಲ್ಲತ್ತೆ, ಅದರ ಮೇಲೆ ನಾನು ಖಂಜಿರ ಬಾರಿಸ್ತೀನಿ, ಇಡೀ ಶೋನಲ್ಲಿ ನನಗೆ ತುಂಬಾ ಇಷ್ಟವಾದ ಒಂದೂವರೆ ನಿಮಿಷ ಅದು. ಫ್ರೀಕೋಸ್ಟರ್ ಹಬ್ ಸದ್ದೇ ಮಾಡಲ್ಲ, ಅದಕ್ಕೇ ಈ ಭಾಗಕ್ಕೆ ಅಂತಲೇ ಒಂದು ಹಳೇ ಸೈಕಲ್ ತರ್ತೀವಿ.

ಇದು ನಾವೇ ಕಂಡುಹಿಡಿದಿದ್ದು ಅಂತ ಹೇಳ್ಕೊಳ್ಳಲ್ಲ. 1963ರಲ್ಲಿ ಅಮೆರಿಕದಲ್ಲಿ ಮುಂದೆ ರಾಕ್ ಸಂಗೀತದಲ್ಲಿ ಹೆಸರು ಮಾಡಿದ ಫ್ರ್ಯಾಂಕ್ ಜಪ್ಪಾ, ಆಗಿನ್ನೂ ಅವರು ಯಾರಂತ ಜನಕ್ಕೆ ಗೊತ್ತಿರಲಿಲ್ಲ, ಸ್ಟೀವ್ ಆಲೆನ್ ಅವರ ಟಿವಿ ಶೋಗೆ ಎರಡು ಸೈಕಲ್ ತಗೊಂಡು ಹೋಗಿ ಕಡ್ಡಿಗಳನ್ನ ಬಾರಿಸಿ ಕಮಾನು ಎಳೆದು ತೋರಿಸಿದ್ರು. ಮೌರಿಸಿಯೋ ಕಾಗೆಲ್ ಅನ್ನೋ ಸಂಯೋಜಕರು 1996ರಲ್ಲಿ 111 ಸೈಕಲ್ ಸವಾರರಿಗೋಸ್ಕರ ಒಂದು ಕೃತಿ ಬರೆದ್ರು, ಅಷ್ಟೂ ಜನ ಬೆಲ್ ಹೊಡೀತಾ ಸಿಳ್ಳೆ ಹಾಕ್ತಾ ಗಾಳಿ ಬೀಸಿದ ಹಾಗೆ ಪ್ರೇಕ್ಷಕರ ಮುಂದೆ ಹಾದುಹೋಗೋದು.

ಬೇರೆ ದೇಶಗಳಲ್ಲೂ ಹೀಗೆ ಮಾಡ್ತಾರಾ?

ಮಾಡ್ತಾರೆ, ಎರಡು ಬೇರೆ ಬೇರೆ ದಾರಿಯಿಂದ ಬಂದಿದೆ ಇದು.

ಒಂದು ಯುರೋಪಿನ ದಾರಿ, ಆರ್ಟಿಸ್ಟಿಕ್ ಸೈಕ್ಲಿಂಗ್. ಒಳಾಂಗಣದಲ್ಲಿ, 14 ಮೀಟರ್ ಉದ್ದ 11 ಮೀಟರ್ ಅಗಲದ ಅಂಕಣದಲ್ಲಿ, ಐದು ನಿಮಿಷ. ಸೈಕಲ್ ಫಿಕ್ಸೆಡ್ ಗೇರಿಂದು, ಅಂದ್ರೆ ಹಿಂದಕ್ಕೆ ತುಳಿದ್ರೆ ಹಿಂದಕ್ಕೆ ಹೋಗತ್ತೆ, ಹ್ಯಾಂಡಲ್ ಎತ್ತಿನ ಕೊಂಬಿನ ಥರ ಮೇಲಕ್ಕೆ ಬಾಗಿರತ್ತೆ. ಆ ಹ್ಯಾಂಡಲ್ ಮೇಲೆ ಎರಡೂ ಕಾಲಲ್ಲಿ ನಿಂತು ಕೈ ಚಾಚಿ ಸುತ್ತು ಬರ್ತಾರೆ, ಅದರ ಮೇಲೇ ಕೈ ಊರಿ ತಲೆಕೆಳಗಾಗಿ ನಿಲ್ತಾರೆ. ಒಬ್ಬರೇ, ಜೋಡಿಯಾಗಿ, ನಾಲ್ಕು ಜನ, ಆರು ಜನ ಹೀಗೆ ವಿಭಾಗಗಳಿವೆ. ಏನೇನು ಮಾಡ್ತೀವಿ ಅಂತ ಮೊದಲೇ ಪಟ್ಟಿ ಬರೆದುಕೊಡಬೇಕು, ತಪ್ಪಿದಾಗೆಲ್ಲ ಪಾಯಿಂಟ್ ಕಳೀತಾರೆ. ಯುಸಿಐ, ಅಂದ್ರೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ನಡೆಸತ್ತೆ, ಜರ್ಮನಿಯವರು ಇದರಲ್ಲಿ ಎತ್ತಿದ ಕೈ. ನಾಲ್ಕು ಜನರ ತಂಡ ಕೈ ಕೈ ಹಿಡ್ಕೊಂಡು ಬರೀ ಹಿಂದಿನ ಚಕ್ರದ ಮೇಲೆ ಸುತ್ತೋದನ್ನ ನೋಡಿದಾಗ ನಮ್ಮ ಕೋಲಾಟದ ಜಡೆ ಹೆಣೆಯೋದು ನೆನಪಾಯ್ತು ನಂಗೆ. ಆದ್ರೆ ಅಲ್ಲಿ ಸಂಗೀತ ಹಿನ್ನೆಲೆಗೆ ಮಾತ್ರ.

ಇನ್ನೊಂದು ಕ್ಯಾಲಿಫೋರ್ನಿಯಾದ ದಾರಿ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಮೋಟೊಕ್ರಾಸ್ ಬೈಕಿನೋರ ಥರ ಆಡ್ತಾ ಆಡ್ತಾ ಬಿಎಂಎಕ್ಸ್ ಹುಟ್ಟಿತು, ಆ ದಶಕದ ಕೊನೆಗೆ ಬಾಬ್ ಹಾರೋ ಅಂಥವರು ರೇಸ್ ಬಿಟ್ಟು ಬರೀ ಟ್ರಿಕ್‌ಗಳ ಹಿಂದೆ ಬಿದ್ರು, ಖಾಲಿ ಪಾರ್ಕಿಂಗ್ ಲಾಟ್‌ಗಳಲ್ಲಿ ಫ್ಲಾಟ್‌ಲ್ಯಾಂಡ್ ಬೆಳೀತು. ಬಡಾವಣೆ ಮಕ್ಕಳು ಆಡ್ತಾ ಆಡ್ತಾ ಮಾಡ್ಕೊಂಡ ಕಲೆ ಇದು.

ಈ ದಾರಿ ಡ್ಯಾನ್ಸ್ ಮತ್ತು ಲೈವ್ ಮ್ಯೂಸಿಕ್ ಜೊತೆ ಸೇರಿದ ದೊಡ್ಡ ಉದಾಹರಣೆ ಅಂದ್ರೆ ಕೆನಡಾದ ಸರ್ಕಸ್ ಕಂಪನಿ ಸರ್ಕ್ ದು ಸೊಲೇ 2017ರಲ್ಲಿ ಮಾಂಟ್ರಿಯಲ್‌ನಲ್ಲಿ ಶುರು ಮಾಡಿದ ವೋಲ್ಟಾ ಅನ್ನೋ ಶೋ. ಅದರಲ್ಲಿ ಒಬ್ಬ ಫ್ಲಾಟ್‌ಲ್ಯಾಂಡ್ ರೈಡರ್ ಮತ್ತು ಒಬ್ಬಳು ಬ್ಯಾಲೆ ಡ್ಯಾನ್ಸರ್ ಒಟ್ಟಿಗೆ ಮಾಡ್ತಿದ್ದ ಒಂದು ಭಾಗ ಇತ್ತು, ಕೊನೇಲಿ ರ‍್ಯಾಂಪ್ ಮೇಲೆ ಬಿಎಂಎಕ್ಸ್ ಹಾರಾಟ. ಜನ ಆ ಹಾರಾಟ ನೆನಪಿಟ್ಕೊಳ್ತಾರೆ. ನನ್ನ ಕೇಳಿದ್ರೆ ಆ ಜೋಡಿ ಡ್ಯಾನ್ಸೇ ದೊಡ್ಡದು, ಅವಳ ಕಾಲು ನೆಲದಿಂದ ಎದ್ದಾಗ ಇವನ ಚಕ್ರ ಕೆಳಗೆ ಬರ್ತಿತ್ತು, ಯಾರೂ ಯಾರನ್ನೂ ಮೀರಿಸೋಕೆ ಹೋಗ್ತಿರಲಿಲ್ಲ. ನಮ್ಮ ಶೋ ಕಟ್ಟೋಕೆ ಧೈರ್ಯ ಬಂದಿದ್ದು ಅದನ್ನ ನೋಡಿದ್ಮೇಲೇ.

ಒಲಿಂಪಿಕ್ಸ್‌ನಲ್ಲಿ ಇದೆಯಾ?

ಟೋಕಿಯೋದಿಂದ, ಅಂದ್ರೆ 2021ರಲ್ಲಿ ನಡೆದಿದ್ದು, ಬಿಎಂಎಕ್ಸ್ ಫ್ರೀಸ್ಟೈಲ್ ಇದೆ, ಆದ್ರೆ ಅದು ರ‍್ಯಾಂಪ್‌ಗಳಿರೋ ಪಾರ್ಕ್ ವಿಭಾಗ. ಫ್ಲಾಟ್‌ಲ್ಯಾಂಡ್ ಇನ್ನೂ ಸೇರಿಲ್ಲ.

ಡ್ಯಾನ್ಸರ್ ಯಾವ ಶೈಲಿ ಮಾಡ್ತಾರೆ? ಗೆಜ್ಜೆ ಯಾಕೆ ಕಟ್ಟಿಲ್ಲ?

ಭರತನಾಟ್ಯ ಕಲಿತವಳು, ಆಮೇಲೆ ಬೆಂಗಳೂರಲ್ಲಿ ಕಂಟೆಂಪರರಿ ಕಲಿತಳು. ಅರಮಂಡಿ, ಅಂದ್ರೆ ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂತ ನಿಲುವು, ಇಲ್ಲಿ ತುಂಬಾ ಕೆಲಸಕ್ಕೆ ಬರತ್ತೆ, ಯಾಕಂದ್ರೆ ಸೈಕಲ್ ರೈಡರ್‌ನ ಮೈ ಯಾವಾಗ್ಲೂ ಸ್ವಲ್ಪ ಬಗ್ಗಿರತ್ತೆ, ಮಂಡಿ ಮಡಿಸಿರತ್ತೆ, ಇವಳು ನೆಟ್ಟಗೆ ನಿಂತ್ರೆ ಇಬ್ಬರೂ ಬೇರೆ ಬೇರೆ ಲೋಕದಲ್ಲಿರೋ ಹಾಗೆ ಕಾಣ್ತಾರೆ, ಅರಮಂಡಿಗೆ ಇಳಿದ ತಕ್ಷಣ ಒಂದೇ ಎತ್ತರ ಒಂದೇ ತೂಕ.

ಗೆಜ್ಜೆ ಮೊದಲು ಕಟ್ಟಿದ್ದಳು. ತಿರುಗೋ ಚಕ್ರದ ಹತ್ರ ಕಾಲು ಹೋದಾಗ ಒಂದು ಗೆಜ್ಜೆ ದಾರ ಕಡ್ಡಿಗೆ ಸಿಕ್ಕಿತು, ಅದೃಷ್ಟಕ್ಕೆ ದಾರ ಹರೀತು. ಅವತ್ತಿಂದ ಗೆಜ್ಜೆ ಇಲ್ಲ, ಸೆರಗಿಲ್ಲ, ದುಪಟ್ಟಾ ಇಲ್ಲ, ನೆರಿಗೆ ಇಲ್ಲ. ಟೂ ವೀಲರ್‌ನಲ್ಲಿ ಹಿಂದೆ ಕೂರೋರಿಗೆ ದುಪಟ್ಟಾ ಚಕ್ರಕ್ಕೆ ಸಿಕ್ಕಿ ಏನಾಗತ್ತೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಷಯ, ಇಲ್ಲೂ ಅದೇ. ಗೆಜ್ಜೆ ಸದ್ದು ಬೇಕು ಅನ್ಸಿದ ಕಡೆ ನಾನು ಕೈಲಿ ಹಿಡ್ಕೊಂಡು ಬಾರಿಸ್ತೀನಿ.

ನಮ್ಮ ಊರಿಗೆ, ಕಾಲೇಜಿಗೆ ಕರೆಸಬೇಕು, ಸ್ಟೇಜ್ ಹೇಗಿರಬೇಕು?

ಕರೆಸೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಒಂದು ಕಾಲೇಜಲ್ಲಿ ಫೋನ್‌ನಲ್ಲಿ ಎಲ್ಲಾ ಹೇಳಿದ್ರೂ ಹೋಗಿ ನೋಡಿದ್ರೆ ಹಲಗೆ ಸ್ಟೇಜ್ ಮೇಲೆ ಹಸಿರು ಮ್ಯಾಟ್ ಹಾಸಿ ಮೊಳೆ ಹೊಡೆದಿದ್ರು, ಹಲಗೆ ಹಲಗೆ ಮಧ್ಯ ಎರಡು ಬೆರಳು ಸಂದು. ಮ್ಯಾಟ್ ಕೆಳಗೆ ಸಂದು ಕಾಣಲ್ಲ, ಟೈರ್ ಅದರೊಳಗೆ ಇಳಿದು ನಮ್ಮ ರೈಡರ್ ಮಣಿಕಟ್ಟು ಮುರ್ಕೊಂಡ. ಆರು ವಾರ ಪ್ಲಾಸ್ಟರ್, ಆಮೇಲೂ ಎಷ್ಟೋ ತಿಂಗಳು ಆ ಕೈಲಿ ಹ್ಯಾಂಡಲ್ ಎಳೆಯೋಕೆ ಹೆದರ್ತಿದ್ದ. ಈಗ ನೆಲ ನೋಡದೆ ನಾವು ಒಪ್ಪಲ್ಲ, ಫೋಟೋ ಅಲ್ಲ, ವಿಡಿಯೋ ಕಳಿಸಬೇಕು, ಯಾರಾದ್ರೂ ಮೇಲೆ ನಡೆದು ತೋರಿಸಬೇಕು.

ನೆಲ ಗಟ್ಟಿ, ನುಣುಪು, ಒಣಗಿರಬೇಕು. ಸಿಮೆಂಟ್ ಪಾಲಿಶ್ ಮಾಡಿದ್ದು ಎಲ್ಲಕ್ಕಿಂತ ಒಳ್ಳೇದು, ಬ್ಯಾಡ್ಮಿಂಟನ್ ಕೋರ್ಟಿನ ಮರದ ನೆಲಾನೂ ನಡೆಯತ್ತೆ. ಮದುವೆ ಮಂಟಪದ ಗ್ರಾನೈಟ್ ಮೇಲೆ ಧೂಳು ಅಥವಾ ಹೂವಿನ ನೀರು ಬಿದ್ದಿದ್ರೆ ಅದು ಮಂಜುಗಡ್ಡೆನೇ, ಒರೆಸೋಕೆ ಒಂದು ಗಂಟೆ ಬೇಕು. ಟೈರ್ ಗುರುತು ಬೀಳತ್ತೆ ಅಂತ ರಂಗಮಂದಿರದೋರು ಬೇಜಾರ್ ಮಾಡ್ಕೊಳ್ತಾರೆ, ಒರೆಸಿಕೊಟ್ಟೇ ಹೋಗ್ತೀವಿ. ಎಂಟು ಮೀಟರ್ ಉದ್ದ ಎಂಟು ಮೀಟರ್ ಅಗಲ ಖಾಲಿ ಜಾಗ ಇದ್ರೆ ನಮಗೆ ಸಾಕು, ಸ್ಟೇಜ್ ಅಂಚಿಂದ ಎರಡು ಮೀಟರ್ ಬಿಡ್ತೀವಿ. ನೆಲದ ಮೇಲೆ ಮೈಕ್ ವೈರ್ ಒಂದೂ ಇರಬಾರದು, ಟೇಪ್ ಹಾಕಿದ್ರೂ ಬೇಡ. ನಾವು ಬಾರಿಸೋರು ವೇದಿಕೆ ಮೇಲೇ, ರೈಡರ್ ಕಾಣೋ ಹಾಗೆ ಪಕ್ಕದಲ್ಲಿ ಕೂರ್ತೀವಿ, ನಮ್ಮನ್ನ ಕೆಳಗೆ ಕೂರಿಸಬೇಡಿ, ಅವನ ಭುಜ ಕಾಣದೆ ಇದ್ರೆ ನಾನು ಬಾರಿಸೋಕಾಗಲ್ಲ.

ಅತಿಥಿಗಳ ಭಾಷಣ, ಸನ್ಮಾನ ಎಲ್ಲ ಶೋ ಮುಂಚೆ ಇಟ್ಕೊಳ್ಳಿ ಅಥವಾ ಮುಗಿದ್ಮೇಲೆ ಇಟ್ಕೊಳ್ಳಿ. ಮಧ್ಯದಲ್ಲಿ ನಿಲ್ಲಿಸಿದ್ರೆ ರೈಡರ್ ಮೈ ತಣ್ಣಗಾಗತ್ತೆ, ತಣ್ಣಗಾದ ಮೈಲಿ ಸುತ್ತಿದ್ರೆ ಏಟಾಗತ್ತೆ.

ಮಳೆ ಬಂದ್ರೆ?

ಬಯಲಲ್ಲಾದ್ರೆ ಇಲ್ಲ. ನೆಲದ ಕಥೆ ಒಂದು, ತಮಟೆ ಚರ್ಮ ತೇವಕ್ಕೆ ಸಡಿಲಾಗಿ ಧಪ್ ಅನ್ನೋದು ಇನ್ನೊಂದು.

ಮಕ್ಕಳಿಗೆ ಕಲಿಸ್ತೀರಾ? ಹುಡುಗೀರು ಮಾಡಬಹುದಾ? ನಮಗೆ ಮೂವತ್ತೈದು ಆಯ್ತು, ತಡ ಆಯ್ತಾ?

ಸೈಕಲ್ ಧೈರ್ಯವಾಗಿ ಓಡಿಸೋಕೆ ಬಂದ ಯಾವ ಮಗುವಾದ್ರೂ ಶುರು ಮಾಡಬಹುದು. ಹುಡುಗೀರು ಖಂಡಿತ ಮಾಡಬಹುದು, ಇದು ತೋಳಿನ ಶಕ್ತಿ ಆಟ ಅಲ್ಲ, ಪ್ರಪಂಚದಲ್ಲಿ ಒಳ್ಳೊಳ್ಳೆ ಮಹಿಳಾ ಫ್ಲಾಟ್‌ಲ್ಯಾಂಡ್ ರೈಡರ್‌ಗಳಿದಾರೆ. ನಮ್ಮ ಇಬ್ಬರು ರೈಡರ್‌ಗಳಲ್ಲಿ ಒಬ್ಬ ಶುರು ಮಾಡಿದ್ದು ಇಪ್ಪತ್ತೊಂಬತ್ತಕ್ಕೆ. ಮೂವತ್ತೈದಕ್ಕೆ ಮೂಳೆ ಕೂಡೋಕೆ ಹೆಚ್ಚು ದಿನ ಬೇಕು, ಅದೊಂದೇ ವ್ಯತ್ಯಾಸ, ಅದಕ್ಕೆ ಮೊದಲು ಬೀಳೋದು ಕಲೀರಿ.

ಹೆಲ್ಮೆಟ್ ಮತ್ತೆ ಮೊಣಕಾಲಿನ ಕೆಳಗೆ ಶಿನ್ ಗಾರ್ಡ್ ಇಲ್ಲದೆ ಪೆಡಲ್ ಮುಟ್ಟಬೇಡಿ, ಆ ಪೆಡಲ್‌ಗೆ ಇರೋ ಮುಳ್ಳುಗಳು ಕಣಕಾಲಿನ ಎಲುಬಿಗೆ ತಾಗಿದ್ರೆ ಕಣ್ಣಲ್ಲಿ ನೀರು ಬರತ್ತೆ. ಒಂದು ಟ್ರಿಕ್ ಮೈಗೆ ಹತ್ತೋಕೆ ತಿಂಗಳುಗಟ್ಟಲೆ ಆಗತ್ತೆ. ನಮ್ಮ ರೈಡರ್ ಟೈಮ್ ಮೆಷಿನ್‌ಗೆ ಎರಡು ವರ್ಷ ತಗೊಂಡ, ಪ್ರತಿ ಭಾನುವಾರ ಬೆಳಿಗ್ಗೆ ಒಂದು ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಅಲ್ಲಿನ ಸೆಕ್ಯೂರಿಟಿ ಅಣ್ಣ ಪ್ರತಿ ವಾರ ನೋಡ್ತಾ ನೋಡ್ತಾ ಕೊನೆಗೆ ಅವರೇ ತಪ್ಪು ಹೇಳೋಕೆ ಶುರು ಮಾಡಿದ್ರು, "ತಲೆ ಬೇಗ ಎತ್ತುತಿದೀಯ" ಅಂತ. ಸರಿಯಾಗೇ ಹೇಳ್ತಿದ್ರು.

ಸಿನಿಮಾ ಹಾಡಿಗೆ ಮಾಡಲ್ವಾ?

ತುಂಬಾ ಜನ ಕೇಳ್ತಾರೆ. ಹಾಡಿಗೆ ಪಲ್ಲವಿ, ಚರಣ ಅಂತ ಅಳತೆ ಇದೆ, ಅದನ್ನ ಹಿಗ್ಗಿಸಿ ಕುಗ್ಗಿಸಿ ಮಾಡಿದ್ರೆ ಕೇಳೋರಿಗೆ ಹಾಡು ಕೆಟ್ಟಿತು ಅನ್ಸತ್ತೆ. ಜನಪದ ಧಾಟಿಗಳು ಹಾಗಲ್ಲ, ಬೀಸೋ ಪದದಂಥವೆಲ್ಲ ಕೆಲಸ ಮಾಡ್ತಾ ಹಾಡಿದ್ದು, ಕಲ್ಲು ತಿರುಗೋ ವೇಗಕ್ಕೆ ಸಾಲು ಎಳೀತಾ ಹೋಗತ್ತೆ. ರಾಗಿ ಕಲ್ಲೂ ಒಂದು ಚಕ್ರನೇ ತಾನೆ. ಅದಕ್ಕೇ ವಯಲಿನ್‌ನಲ್ಲಿ ನೀವು ಕೇಳಿದ್ದು ಹೆಚ್ಚಿನದು ಬೀಸೋ ಪದದ ಧಾಟಿ, ಅವಳ ಅಜ್ಜಿಯಿಂದ ಕಲಿತಿದ್ದು.

ಎಲ್ಲಿ ಕೂತ್ರೆ ಚೆನ್ನಾಗಿ ಕಾಣತ್ತೆ? ವಿಡಿಯೋ ಮಾಡಬಹುದಾ? ಚಪ್ಪಾಳೆ ಯಾವಾಗ ತಟ್ಟಬೇಕು?

ಮುಂದಿನ ಸಾಲಿಗಿಂತ ಸ್ವಲ್ಪ ಹಿಂದೆ, ಎತ್ತರದಲ್ಲಿ ಕೂತ್ರೆ ಚಕ್ರ ನೆಲದ ಮೇಲೆ ಬರೆಯೋ ವೃತ್ತಗಳು ಕಾಣ್ತವೆ. ಬೆಂಗಳೂರಿನ ಸಂಸ ಬಯಲು ರಂಗಮಂದಿರದ ಥರ ಮೆಟ್ಟಿಲು ಮೆಟ್ಟಿಲಾಗಿರೋ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ವಿಡಿಯೋ ಮಾಡಿ, ಫ್ಲ್ಯಾಶ್ ಮಾತ್ರ ಬೇಡ, ಸುತ್ತೋವಾಗ ಕಣ್ಣಿಗೆ ಬೆಳಕು ಹೊಡೆದ್ರೆ ರೈಡರ್‌ಗೆ ನೆಲ ಎಲ್ಲಿದೆ ಅಂತಲೇ ತಪ್ಪಿಹೋಗತ್ತೆ.

ಚಪ್ಪಾಳೆ ಯಾವಾಗ ಬೇಕಾದ್ರೂ ತಟ್ಟಿ, ಸಿಳ್ಳೆ ಹಾಕಿ. ತಾಳಕ್ಕೆ ತಟ್ಟೋಕೆ ಶುರು ಮಾಡಿದ್ರೆ ಮಾ‌ತ್ರ ನನ್ನ ಕಡೆ ಒಂದು ಕಣ್ಣಿಟ್ಟಿರಿ, ಅವನು ಸುತ್ತಿಗೆ ಇಳಿದಾಗ ನಾನು ಎಡಗೈ ಎತ್ತುತೀನಿ, ಆಗ ನಿಲ್ಲಿಸಿ, ಚಕ್ರದ ಸದ್ದು ಕೇಳ್ಲಿ, ಮುಕ್ತಾಯಕ್ಕೆ ಬಂದಾಗ ಕೈ ಇಳಿಸ್ತೀನಿ, ಆಗ ಎಲ್ಲರೂ ಒಟ್ಟಿಗೆ.